ಹೊಗೆಗೆಂದೇ ತೆರೆದಿಟ್ಟ ನೀಲಕ್ಕನ ಅಟ್ಟದ ಕಿಟಕಿ

ನಂಬಲು ಆಗುತ್ತಿಲ್ಲ...
ನೀಲಕ್ಕ ಇನ್ನಿಲ್ಲವಂತೆ.

ಬೆಳಿಗ್ಗೆ ಎಂಟಕ್ಕೆ ಅವರ ಮಗಳು ಶೈಲಾ ಫೋನ್ ಮಾಡಿದಳು.
"ಆಂಟಿ, ಅವ್ವ ಹೋಗ್ಬುಟ್ರು..."
"ಎಲ್ಲಿಗೆ?" ಎಂದು ಕೇಳಿದೆ ನೋಡಿ... ಅಷ್ಟು ಪೆದ್ದಿ ನಾನು.

ಶ್ವಾಸಕೋಶದ ಕ್ಯಾನ್ಸರ್.
ಬೀಡಿ ಮುಟ್ಟಿದವರಲ್ಲ. ಎಲೆ ಅಡಿಕೆಗೆ ಹೊಗೆಸೊಪ್ಪು ಕೂಡ ಹಾಕಿಕೊಂಡವರಲ್ಲ...

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕುಕ್ಕರ್ ಇಟ್ಟೆ, ಆಫ್ ಮಾಡಿದೆ. ಸೀರೆ ತೆಗೆದೆ, ಮತ್ತೆ ಬೀರುವಿನಲ್ಲೇ ಇಟ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿರುವ ಅರ್ಧ ಜನ ತಿಪಟೂರು, ತುರುವೇಕೆರೆ ಕಡೆಯವರೇ ತಾನೆ... ದಯವಿಟ್ಟು ಕೊನೆಯವರೆಗೂ ಓದಿ.

ಎಂಬತ್ತರ ದಶಕದ ಶುರು.
ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ನಾನು, ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಕಂಡದ್ದೆಲ್ಲ ಚಂದ! ಬಾವಿ ಚಂದ, ರಾಗಿ ಮುದ್ದೆ ಚಂದ, ಗಂಡನ ಸೈಕಲ್ ಬೆಲ್ ಇನ್ನೂ ಚಂದ!

ಮಾವನವರ ತೋಟದ ಮೂಲೆಯಲ್ಲಿ ನಾಲ್ಕು ಗುಂಡಿಗಳಿದ್ದವು. ತೆಂಗಿನ ಚಿಪ್ಪು ತುಂಬಿ, ಬೆಂಕಿ ಹಚ್ಚಿ, ಮೇಲೆ ತಗಡು ಮಣ್ಣು ಮುಚ್ಚಿ ಇದ್ದಿಲು ಮಾಡುತ್ತಿದ್ದರು. ದಿನಗಟ್ಟಲೆ ಹೊಗೆ... ಗುಂಡಿಯಾಚೆ ಬೇಲಿ. ಬೇಲಿಯಾಚೆ ನೀಲಕ್ಕನ ಮನೆ.

ಮೊದಲ ದಿನ ಆ ಹೊಗೆ ನೋಡಿ ಗಂಡನ ತೋಳು ಹಿಡಿದು ಕುಣಿದಿದ್ದೆ.
"ರೀ, ಥೇಟ್ ಊಟಿ ಥರ ಇದೆ!"
ಬೇಲಿಯಾಚೆಯಿಂದ ಒಂದು ದನಿ...
"ಊಟಿನಾಗೂ ಹಿಂಗೇ ಕಣ್ಣಲ್ಲಿ ನೀರು ಬತ್ತದಾ, ಮದುಮಗಳೇ?"

ಅದೇ ನೀಲಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು. ಅಂದಿನಿಂದ ಆ ಊರಿನಲ್ಲಿ ನನಗಿದ್ದ ಒಬ್ಬರೇ ಫ್ರೆಂಡ್.

ನಮ್ಮ ಕಡೆ ಗೊತ್ತಲ್ಲ... ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಅನ್ನುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಕೆಳಗಿನ ಒಲೆಯ ಹೊಗೆ ತಾಗಿದರೆ ಹುಳ ಬೀಳುವುದಿಲ್ಲ ಎಂಬ ನಂಬಿಕೆ. ಒಲೆ ಹೊಗೆಯೇ ಅಷ್ಟು ಒಳ್ಳೆಯದಾದರೆ ಗುಂಡಿ ಹೊಗೆ ಇನ್ನೆಷ್ಟು ಒಳ್ಳೆಯದು! ನೀಲಕ್ಕನ ಅತ್ತೆ ಅಟ್ಟದ ಗೋಡೆ ಒಡೆಸಿ, ನಮ್ಮ ಗುಂಡಿಗಳ ಕಡೆಗೇ ಒಂದು ಕಿಟಕಿ ಇಡಿಸಿದರು. ಹೊಗೆ ಒಳಗೆ ಬರಲಿ ಎಂದು...

ಆ ಅಟ್ಟದ ಹಲಗೆಗಳ ಕೆಳಗೇ ನೀಲಕ್ಕ ಮಲಗುತ್ತಿದ್ದರು.

ಒಂದು ಮಧ್ಯಾಹ್ನ ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.
"ನೀನು ಇಂಗ್ಲಿಷ್‌ನಾಗೆ ಓದ್ದೋಳು ಕಣಮ್ಮಿ. ಈ ಹೊಗೆ ಕುಡ್ದು ಕುಡ್ದು ಒಳಗೇನಾರ ಆಯ್ತದಾ? ಆ ಕಿಟಕಿ ಮುಚ್ಚಿಸ್ಲಾ? ನೀನು ಹೇಳುದ್ರೆ ನಮ್ಮತ್ತೆ ಕೇಳ್ತಾರೆ."

ನನ್ನ ಹಿಂದೆ, ಜಗುಲಿಯ ಮೇಲೆ, ನನ್ನ ಅತ್ತೆ ಅಕ್ಕಿ ಆರಿಸುತ್ತಿದ್ದರು.

"ಅಯ್ಯೋ, ಏನೂ ಆಗಲ್ಲ ಅಕ್ಕ! ಇದೇನು ಫ್ಯಾಕ್ಟರಿ ಹೊಗೇನಾ? ತೆಂಗಿನ ಚಿಪ್ಪು... ಪ್ಯೂರ್ ನ್ಯಾಚುರಲ್!"

ಅತ್ತೆ ಮೊರದಿಂದ ತಲೆಯೆತ್ತಿ ನಕ್ಕರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ.
ನನಗೆ ಆ ನಗು ಬೇಕಾಗಿತ್ತು...

ಎರಡು ವರ್ಷಕ್ಕೆ ನಾವು ತುಮಕೂರಿಗೆ ಬಂದೆವು. ಗುಂಡಿಗಳು ಅಲ್ಲೇ ಉಳಿದವು. ನೀಲಕ್ಕನೂ.

ನೀಲಕ್ಕ...
ಹೋದ ತಿಂಗಳು ಆಸ್ಪತ್ರೆಯಲ್ಲಿ ನಾನು ಡಾಕ್ಟರ ಹಿಂದೆ ಹಿಂದೆ ಓಡಾಡಿದ್ದು ನಿಮಗೆ ಗೊತ್ತಿರಲಿಲ್ಲ ಅಲ್ಲವೇ? ಗುಂಡಿಯ ಹೊಗೆಯಿಂದಲೇನಾ ಎಂದು ಕೇಳಿದೆ. "ಒಬ್ಬರ ವಿಷಯದಲ್ಲಿ ಇದೇ ಕಾರಣ ಎಂದು ಹೇಳಲು ಆಗದಮ್ಮ" ಎಂದರು. "ಒಲೆಯ ಹೊಗೆಯೂ ಸೇರಿರಬಹುದು, ಬೇರೇನೋ ಇರಬಹುದು. ಆದರೆ ಇಂಥ ಹೊಗೆಯ ಪಕ್ಕದಲ್ಲೇ ವರ್ಷಗಟ್ಟಲೆ ಇದ್ದರೆ ಅಪಾಯ ಹೆಚ್ಚುತ್ತದೆ. ಎಲ್ಲರಿಗೂ ಬಂದೇ ಬರುತ್ತದೆ ಎಂದಲ್ಲ."

ಅಲ್ಲಿಂದ ಬಂದು ನಿಮ್ಮ ಮಂಚದ ಬಳಿ ಕೂತು ಅತ್ತುಬಿಟ್ಟೆ.
"ಸುಮ್ಕಿರು ಮದುಮಗಳೇ, ಮೂಗೆಲ್ಲ ಕೆಂಪಾಯ್ತು" ಎಂದಿರಿ.
ಮೊಮ್ಮಕ್ಕಳಾದ ಮೇಲೂ ನಿಮಗೆ ನಾನು ಮದುಮಗಳೇ!
ಆ ಮಧ್ಯಾಹ್ನದ ಮಾತು ನಿಮಗೆ ಮರೆತುಹೋಗಿದೆ ಎಂದುಕೊಂಡೆ. ಕ್ಷಮೆ ಕೇಳದೆ ಎದ್ದು ಬಂದೆ...

ಮರೆತಿರಲಿಲ್ಲ. ಇವತ್ತು ಶೈಲಾ ಹೇಳಿದಳು.
"ಅಕ್ಕಪಕ್ಕದೋರು ಕೆಮ್ಮು ಬತ್ತದೆ ಅಂತ ಗುಂಡಿಯೋರ ಮೇಲೆ ಜಗಳಕ್ಕೆ ಹೊಂಟಾಗೆಲ್ಲ ಅವ್ವನೇ ತಡೀತಿದ್ರು ಆಂಟಿ. 'ಇಂಗ್ಲಿಷ್ ಓದಿರೋ ಮದುಮಗಳೇ ಹೇಳವ್ಳೆ, ಏನೂ ಆಗಕಿಲ್ಲ ಬುಡ್ರೋ' ಅಂತಿದ್ರು."

ಅವಳು ಚುಚ್ಚಲು ಹೇಳಿದ್ದಲ್ಲ. ಅವ್ವನಿಗೆ ನನ್ನ ಮೇಲೆ ಎಷ್ಟು ಪ್ರೀತಿಯಿತ್ತು ಎಂದು ಹೇಳಿದ್ದು...

"ಗೊತ್ತಿಲ್ಲ ಅಕ್ಕ, ಕೇಳಿ ಹೇಳ್ತೀನಿ."
ಅವತ್ತು ನಾನು ಇಷ್ಟು ಅಂದಿದ್ದರೆ ಸಾಕಿತ್ತು. ಇಷ್ಟು ಹೇಳಲು ಯಾವ ಕಾನ್ವೆಂಟೂ ಬೇಕಿರಲಿಲ್ಲ.

ಆ ಜಾಗ ಇವತ್ತಿಗೂ ನಮ್ಮದೇ. ಬೇರೆಯವರು ಗುತ್ತಿಗೆಗೆ ಹಿಡಿದಿದ್ದಾರೆ. ಈಗಲೂ ಎರಡು ಗುಂಡಿ ಉರಿಯುತ್ತಿವೆ. ಅವನ್ನು ನಿಲ್ಲಿಸಿ ಎಂದು ನಮ್ಮವರಿಗೆ ಈಗಷ್ಟೇ ಹೇಳಿದೆ. "ದಿಢೀರಂತ ಗುತ್ತಿಗೆಯವನಿಗೆ ಏನಂತ ಹೇಳ್ಲೇ?" ಎಂದರು. "ನೀಲಕ್ಕ ನನ್ನನ್ನ ಕೇಳಿದ್ದನ್ನ ಹೇಳಿ" ಎಂದೆ. ಫೋನ್ ತೆಗೆದುಕೊಂಡು ಅವನಿಗೆ ಹೇಳಿದರು. ಈ ಸುತ್ತು ಆರಿದ ಮೇಲೆ ಮತ್ತೆ ಚಿಪ್ಪು ತುಂಬುವಂತಿಲ್ಲ.

ಮಣ್ಣು ಮೂರು ಗಂಟೆಗಂತೆ. ಹೊರಡುತ್ತಿದ್ದೇನೆ.
ಅಲ್ಲಿ ಸೇರಿರುವ ಹೆಂಗಸರಿಗೆಲ್ಲ ಹೇಳುತ್ತೇನೆ, ಅವತ್ತು ನಾನು ಹೇಳಿದ್ದು ತಪ್ಪು ಎಂದು. ಇದನ್ನು ಓದುತ್ತಿರುವವರೇ, ನಿಮ್ಮ ಮನೆಯ ಪಕ್ಕದಲ್ಲೂ ಗುಂಡಿಯಿದ್ದರೆ, ಈ ಪೋಸ್ಟನ್ನು ಮನೆಯವರಿಗೆ ಓದಿ ಹೇಳಿ.

ಆಮೇಲೆ ಅಟ್ಟ ಹತ್ತುತ್ತೇನೆ ನೀಲಕ್ಕ. ಈಗ ಅದರ ಕೆಳಗೆ ಶೈಲಾ ಮಲಗುತ್ತಾಳಲ್ಲ...
ಆ ಕಿಟಕಿ ನಾನೇ ಮುಚ್ಚುತ್ತೇನೆ.

ಹೋಗಿ ಬನ್ನಿ, ಅಕ್ಕ...
ಶಿವನ ಪಾದದ ಬಳಿ, ಕೆಮ್ಮಿಲ್ಲದೆ, ಎದೆ ತುಂಬ ಉಸಿರು ಸಿಗಲಿ.
ನಿಮ್ಮ ಮದುಮಗಳು 🙏