ಗುಜರಿ ಅಕ್ಕ ಒರೆಸದೆ ಉಳಿಸಿದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಒಬ್ಬ ಹೆಂಗಸು ರದ್ದಿ ಕಾಗದದ ಮೂಟೆಯೊಳಗೆ ಮೊಳಕೈವರೆಗೂ ಕೈ ಇಳಿಸಿಕೊಂಡು ಕೂತಿದ್ದಾರೆ. ಕಣ್ಣು ಮೂಟೆಯ ಕಡೆಗಿಲ್ಲ, ಎದುರಿನ ಗೋಡೆಯ ಮೇಲಿದೆ. ಕೈ ಮಾತ್ರ ಒಳಗೊಳಗೇ ತಡಕಾಡುತ್ತಿದೆ. ಸ್ವಲ್ಪ ಹೊತ್ತಿಗೆ ಹಳೇ ಫೋಟೋ ಒಂದು ಹೊರಗೆ ಬರುತ್ತದೆ. ಅಂಚು ಮಡಚಿದೆ, ಒಂದು ಮೂಲೆ ಗೆದ್ದಲಿನ ಪಾಲಾಗಿದೆ.

“ಫೋಟೋ ಕಾಗದ ಬೇರೆ ಥರ ತಣ್ಣಗಿರುತ್ತೆ. ನೋಡೋದೇ ಬೇಡ, ಬೆರಳಿಗೇ ಗೊತ್ತಾಗುತ್ತೆ,” ಎನ್ನುತ್ತಾರೆ ಅವರು, ಅದನ್ನು ಸೆರಗಿನಲ್ಲಿ ಮೆಲ್ಲಗೆ ಮುಚ್ಚಿಡುತ್ತ. “ಲಾರಿ ಬರೋದ್ರೊಳಗೆ ಎಲ್ಲಾ ಮೂಟೆಗೂ ಕೈ ಹಾಕಿ ಮುಗಿಸ್ಬೇಕು. ಲಾರಿ ಹತ್ತಿದ ಮೇಲೆ ಅದು ರಟ್ಟಾಗಿ ಬರಬಹುದು, ಫೋಟೋ ಆಗಿ ವಾಪಸ್ ಬರಲ್ಲ.”

ಬೀದಿಗೆಲ್ಲ ಇವರು ಗುಜರಿ ಅಕ್ಕ. ಪೊಲೀಸರಿಗೂ ಅಕ್ಕ, ಪೊಲೀಸರು ಹುಡುಕಿಕೊಂಡು ಬರುವವರಿಗೂ ಅಕ್ಕ. ವಯಸ್ಸು ಅರವತ್ತು ದಾಟಿದೆ. ಮುಂದಿನ ಶೆಡ್ಡಿನಲ್ಲಿ ಗಂಡನ ಜೊತೆ ಕಬ್ಬಿಣ, ಕಾಗದ, ಪ್ಲಾಸ್ಟಿಕ್ಕು ತೂಗಿ ಕೊಳ್ಳುತ್ತಾರೆ, ತೂಗಿ ಮಾರುತ್ತಾರೆ. ಹಿಂದಿನ ಕೋಣೆಗೆ ಹೋದದ್ದನ್ನು ಮಾತ್ರ ಮಾರುವುದಿಲ್ಲ. ಆ ಕೋಣೆಯ ಸುದ್ದಿ ಎತ್ತಿದರೆ ಗಂಡನಿಗೆ ಮೂಗಿನ ತುದಿಯಲ್ಲೇ ಕೋಪ. “ಗುಜರಿ ಅಂಗಡಿ ಅಂದ್ರೆ ಬಂದದ್ದು ಹೋಗ್ಬೇಕು. ಇವಳ ಹತ್ರ ಬಂದದ್ದು ಸಂಸಾರ ಹೂಡಿಬಿಡುತ್ತೆ,” ಎಂದು ಅವರು ಗೊಣಗುತ್ತಾರೆ. ಗೊಣಗುತ್ತಲೇ ಏಣಿ ಹತ್ತಿ ಅದೇ ಕೋಣೆಯ ಸೋರುವ ತಗಡಿಗೆ ಡಾಂಬರು ಮೆತ್ತುತ್ತಿದ್ದಾರೆ.

ಒಳಗೆ ಹೋದ ನನಗೆ, ಸುಳ್ಳೇಕೆ ಹೇಳಲಿ, ಮೊದಲು ಕಂಡದ್ದು ಬರೀ ಗುಜರಿಯೇ. ಆಮೇಲೆ ಕಣ್ಣು ಹೊಂದಿಕೊಂಡಿತು. ಮುಚ್ಚಿಹೋದ ಬಟ್ಟೆ ಮಿಲ್ಲಿನ ಲಾಳಿಗಳು, ನೂಲು ಸುತ್ತುವ ಬಾಬಿನ್‌ಗಳು, ಹಾಜರಿಗೆ ಕೊಡುತ್ತಿದ್ದ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು. ಹಿಡಿಗೆ ಬಟ್ಟೆ ಸುತ್ತಿದ ಊಟದ ಡಬ್ಬಿಗಳು. ಮೆಷಿನ್ನುಗಳ ಸದ್ದಿಗೆ ಕಿವಿಗಿಡುತ್ತಿದ್ದ ಹತ್ತಿಯುಂಡೆ ಇನ್ನೂ ಒಳಗೇ ಇರುವ ಪುಟ್ಟ ತಗಡಿನ ಡಬ್ಬಿ. ಗೋಡೆ ತುಂಬ ಫೋಟೋ: ಮಗ್ಗದ ಮುಂದೆ ನಿಂತವರು, ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟವರು, ಹೊಸ ಸೈಕಲ್ಲಿಗೆ ಒರಗಿ ಮೀಸೆ ತಿರುವಿದವರು. ಈ ಪ್ರದೇಶದ ಅರ್ಧ ಜನ ಮಿಲ್ಲಿನ ಅನ್ನ ತಿಂದವರು. ಅವರ ಬದುಕಿನ ಗುರುತು ಅಂತ ಎಲ್ಲಾದರೂ ಉಳಿದಿದ್ದರೆ ಅದು ಇಲ್ಲಿ, ಈ ಸೋರುವ ತಗಡಿನ ಕೆಳಗೆ.

ಒಂದು ಲಾಳಿಯನ್ನು ಎತ್ತಿಕೊಂಡು ಕರವಸ್ತ್ರದಿಂದ ಒರೆಸಲು ಹೋದೆ ನೋಡಿ, ಅಕ್ಕ ಕಿರುಚಿಯೇಬಿಟ್ಟರು. “ಅಯ್ಯಯ್ಯೋ, ಒರೆಸ್ಬೇಡಿ ಪೇಪರ್‌ನೋರೇ! ಅದು ಕೊಳೆ ಅಲ್ಲ. ಯಾರದೋ ಹೆಬ್ಬೆರಳು ವರ್ಷಗಟ್ಟಲೆ ಕೂತ ಜಾಗ. ಒರೆಸಿದ್ರೆ ಮರ ಉಳಿಯುತ್ತೆ, ಆ ಮನುಷ್ಯ ಹೋಗ್ತಾನೆ.” ಧೂಳು ಹೊಡೆಯಲು ಅವರ ಬಳಿ ಇರುವುದು ಬಣ್ಣ ಬಳಿಯುವ ಒಂದು ಒಣ ಬ್ರಷ್ಷು, ಅಷ್ಟೇ. ನೀರು, ಸೋಪು, ಮರಳುಕಾಗದ ಆ ಹೊಸಿಲು ದಾಟುವಂತಿಲ್ಲ.

ಫೋಟೋದಲ್ಲಿರುವವರು ಯಾರು ಎಂದು ಪತ್ತೆ ಮಾಡುವುದಕ್ಕೂ ಅಕ್ಕನದ್ದೇ ಒಂದು ದಾರಿಯಿದೆ. ಮೊದಲು ಸಾಮಾನು ಕೈಗೆ, ಆಮೇಲೆ ಫೋಟೋ ಕಣ್ಣಿಗೆ. “ಫೋಟೋ ತೋರ್ಸಿ ಯಾರಿದು ಅಂತ ಕೇಳಿದ್ರೆ, ಗೊತ್ತಿಲ್ಲಮ್ಮ, ವಯಸ್ಸಾಯ್ತು ಅಂದ್ಬಿಡ್ತಾರೆ. ಕೈಗೆ ಕೆಲಸ ಕೊಡಿ, ಬಾಯಿ ತಾನಾಗೇ ಬಿಡುತ್ತೆ.” ದಿನಾ ಬೆಳಗ್ಗೆ ಟೀಗೆ ಬರುವ ಬಾಬಿನ್ ಅಜ್ಜಿ ಇದಕ್ಕೆ ಸಾಕ್ಷಿ. ಮಿಲ್ಲಿನಲ್ಲಿ ನೂಲು ಸುತ್ತುವ ವಿಭಾಗದಲ್ಲಿದ್ದವರು. ಅಕ್ಕ ಬಾಬಿನ್ ಒಂದನ್ನು ಅವರ ಮಡಿಲಿಗೆ ಹಾಕುತ್ತಾರೆ. ಅಜ್ಜಿಯ ಎಡಗೈ ಎರಡು ನೂಲಿನ ತುದಿ ಹಿಡಿದು, ನಾನು ಕಣ್ಣು ಮಿಟುಕಿಸುವುದರೊಳಗೆ ಒಂದೇ ಕೈಯಲ್ಲಿ ಗಂಟು ಬಿಗಿಯುತ್ತದೆ. ಈಗ ಅಕ್ಕ ಬೆಳಗ್ಗೆ ಸಿಕ್ಕ ಫೋಟೋ ಮುಂದಿಡುತ್ತಾರೆ. “ಇವಳಾ? ನನ್ನ ಪಕ್ಕದ ಮೆಷಿನ್ನಿನವಳು. ಜಗಳಗಂಟಿ! ಗಂಟು ಹಾಕೋದ್ರಲ್ಲಿ ಮಾತ್ರ ಅವಳನ್ನ ಮೀರಿಸೋರು ಇರ್ಲಿಲ್ಲ, ಪಾಪ,” ಎಂದು ಅಜ್ಜಿ ನಗುತ್ತಾರೆ.

ಅಕ್ಕನ ಅಪ್ಪ ಅದೇ ಮಿಲ್ಲಿನ ಬಾಯ್ಲರ್‌ಗೆ ಬೆಂಕಿ ಹಾಕುತ್ತಿದ್ದವರು. ಮಿಲ್ಲು ಮುಚ್ಚಿ ಯಂತ್ರಗಳೆಲ್ಲ ಗುಜರಿಗೆ ಬಂದಾಗ ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ಕಾಯ್ದ ಬಾಯ್ಲರನ್ನು ಒಡೆದು ತೂಕಕ್ಕೆ ಹಾಕಿದ್ದು ಅಳಿಯನ ಸುತ್ತಿಗೆ. “ಏನ್ ಮಾಡೋದು, ಹೊಟ್ಟೆಪಾಡು. ಇವ್ರದ್ದೇನು ತಪ್ಪು? ಆದ್ರೂ ಮೂರು ದಿನ ಇವ್ರ ಜೊತೆ ಮಾತಾಡ್ಲಿಲ್ಲ,” ಎನ್ನುತ್ತಾರೆ ಅಕ್ಕ. ಏಣಿಯ ಮೇಲಿಂದ ಗಂಡನ ತಿದ್ದುಪಡಿ ಬರುತ್ತದೆ: “ನಾಲ್ಕು.” ಆ ದಿನ ಬಾಯ್ಲರ್ ಬಾಗಿಲಿನ ಹಿಡಿಯೊಂದನ್ನು ಅಕ್ಕ ತಕ್ಕಡಿಯಿಂದ ಎತ್ತಿಕೊಂಡು ಒಳಗೆ ಹೋದರು. ಹಿಂದಿನ ಕೋಣೆ ಶುರುವಾದದ್ದು ಹಾಗೆ.

ಆಫೀಸಿನ ರದ್ದಿಯ ಜೊತೆ ಅವತ್ತೇ ಬಂದದ್ದು ಗಾಜೊಡೆದ ದೊಡ್ಡ ಫೋಟೋ. ಮಿಲ್ಲಿನ ಅಂಗಳದಲ್ಲಿ ಕೆಲಸಗಾರರೆಲ್ಲ ಸಾಲಾಗಿ ಕೂತು, ನಿಂತು ತೆಗೆಸಿದ್ದು. ಹಿಂದೆ ಎತ್ತರದ ಚಿಮಣಿ. ಅದರಲ್ಲಿ ಅಪ್ಪ ಇಲ್ಲ. ಮಿಲ್ಲಿನ ಯಾವ ಫೋಟೋದಲ್ಲೂ ಇಲ್ಲ. ಫೋಟೋ ಅಂತ ಮಗ್ಗ ನಿಲ್ಲಿಸಬಹುದು, ಬಾಯ್ಲರ್ ಬೆಂಕಿ ಬಿಟ್ಟು ಬರುವ ಹಾಗಿರಲಿಲ್ಲ. ಮನೆಯಲ್ಲಿ ಫೋಟೋ ತೆಗೆಸುವ ಅನುಕೂಲವೂ ಇರಲಿಲ್ಲ. “ಚಿಕ್ಕವಳಿದ್ದಾಗ ಅಪ್ಪ ನನ್ನನ್ನ ಎತ್ಕೊಂಡು ಆಫೀಸಿನ ಗೋಡೆ ಮೇಲಿದ್ದ ಇದನ್ನ ತೋರ್ಸಿದ್ರು. ನೀನೆಲ್ಲಪ್ಪ ಅಂತ ಅತ್ಬಿಟ್ಟೆ. ಚಿಮಣಿ ಮೇಲಿನ ಹೊಗೆ ಮೇಲೆ ಬೆರಳಿಟ್ಟು, ಇಗೋ, ಇದು ನಾನು ಅಂದ್ರು.” ಅಕ್ಕನ ದನಿ ಸ್ವಲ್ಪ ಇಳಿಯುತ್ತದೆ. “ನನ್ನ ಹತ್ರ ಅಪ್ಪ ಅಂತ ಇರೋದು ಅಷ್ಟೇ.”

ಈಗ ಮಿಲ್ಲಿದ್ದ ಜಾಗದಲ್ಲಿ ಹೊಸ ಗ್ರಂಥಾಲಯ ಎದ್ದಿದೆ. ಬಾಗಿಲಲ್ಲೇ ಎದುರಾಗುವ ಗೋಡೆಗೆ ಮಿಲ್ಲಿನ ಆ ಫೋಟೋ ದೊಡ್ಡದು ಮಾಡಿಸಿ ಕೊಡಿ ಎಂದು ಗ್ರಂಥಾಲಯದವರು ಅಕ್ಕನನ್ನು ಕೇಳಿದ್ದಾರೆ. ಇಷ್ಟು ವರ್ಷದಲ್ಲಿ ಯಾರಾದರೂ ಏನಾದರೂ ಕೇಳಿದ್ದು ಇದೇ ಮೊದಲು. ಅಕ್ಕ ಆ ಗೋಡೆಯನ್ನು ಎರಡು ಸಲ ಹೋಗಿ ನೋಡಿಕೊಂಡು ಬಂದಿದ್ದಾರೆ. ಅಪ್ಪ ಆ ಗೋಡೆ ಹತ್ತಬೇಕು, ಅಷ್ಟೇ ಅವರ ಆಸೆ. ಬೀದಿಯ ಸ್ಟುಡಿಯೋದವನು ಅಕ್ಕ ಅಂದರೆ ಪ್ರಾಣ ಬಿಡುವ ಆಸಾಮಿ. ಕೆಲಸವನ್ನು ಮುತುವರ್ಜಿಯಿಂದ ಮಾಡಿಕೊಂಡು ನನ್ನೆದುರೇ ತಂದು ನಿಲ್ಲಿಸಿದ. ನೀರಿನ ಕಲೆ, ಬಿರುಕು, ಬೂಷ್ಟು ಒಂದೂ ಇಲ್ಲ. ಮುಖಗಳು ನಿನ್ನೆ ತೆಗೆಸಿದಂತಿವೆ. ಆಕಾಶ ತೊಳೆದಿಟ್ಟ ಹಾಗಿದೆ.

ತೊಳೆದೇ ಇಟ್ಟಿದ್ದಾನೆ, ಪುಣ್ಯಾತ್ಮ! ಚಿಮಣಿಯ ಮೇಲೆ ಏನೂ ಇಲ್ಲ.

“ಹೊಗೆ ಎಲ್ಲಪ್ಪ?” ಎಂದು ಕೇಳುವಾಗ ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಸ್ಟುಡಿಯೋದವನಿಗೆ ಅರ್ಥವಾಗಲಿಲ್ಲ. “ಯಾವ ಹೊಗೆ ಅಕ್ಕ? ಅದು ಬೂಷ್ಟು. ಫೋಟೋ ತುಂಬ ಇತ್ತು, ಅಲ್ಲೂ ಇತ್ತು. ಎಲ್ಲಾ ಕ್ಲೀನ್ ಮಾಡಿದ್ದೀನಿ.” ಹಳೆಯ ಫೋಟೋ ತಂದು ಪಕ್ಕದಲ್ಲಿಟ್ಟೆವು. ನಾನೂ ಬಗ್ಗಿ ನೋಡಿದೆ. ನಿಜ ಹೇಳಬೇಕೆಂದರೆ ಬೂಷ್ಟಿಗೂ ಹೊಗೆಗೂ ನನಗೂ ವ್ಯತ್ಯಾಸ ತಿಳಿಯಲಿಲ್ಲ. ಮಾಸಲು ಬಿಳುಪಿನ ಮಚ್ಚೆಗಳ ನಡುವೆ ಅದೂ ಒಂದು ಮಾಸಲು ಮಚ್ಚೆ. ಅಕ್ಕ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. “ಮಗು ಅಳು ನಿಲ್ಲಿಸ್ಲಿ ಅಂತ ಅಪ್ಪ ಯಾವುದೋ ಕಲೆ ಮೇಲೆ ಬೆರಳಿಟ್ರೋ ಏನೋ,” ಎಂದರು. ಸ್ಟುಡಿಯೋದವನು ನಿಂತಲ್ಲೇ ಕುಗ್ಗಿಹೋದ.

ಅಷ್ಟರಲ್ಲಿ ಟೀ ಲೋಟ ಕೆಳಗಿಟ್ಟು ಬಾಬಿನ್ ಅಜ್ಜಿ ಎದ್ದು ಬಂದರು. ನಮ್ಮ ಮಾತೊಂದೂ ಅವರ ಕಿವಿಗೆ ಬಿದ್ದಿರಲಿಲ್ಲ. ಮಿಲ್ಲು ಅವರ ಕಿವಿಯನ್ನು ಎಂದೋ ತಿಂದು ಹಾಕಿದೆ. ಹೊಸ ಫೋಟೋದ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. “ಇದೇನಿದು, ಸ್ಟ್ರೈಕಿನ ದಿನ ತೆಗೆದದ್ದಾ? ಚಿಮಣಿ ಸತ್ತಿದೆಯಲ್ಲ! ಚಿಮಣಿ ಸತ್ತ ದಿನ ನಾವ್ಯಾಕೆ ಹಿಂಗೆ ಹಲ್ಲು ಕಿಸ್ಕೊಂಡು ಕೂರ್ತಿದ್ವಿ?”

ಅಕ್ಕ ಹಳೆಯ ಫೋಟೋವನ್ನು ಅಜ್ಜಿಯ ಮುಂದೆ ಹಿಡಿದರು. ಅಜ್ಜಿಯ ಬೆರಳು ನೆಟ್ಟಗೆ ಆ ಮಾಸಲು ಮಚ್ಚೆಯ ಮೇಲೆ ಹೋಗಿ ಕೂತಿತು. “ಹಾಂ, ಇದು ಸರಿ. ಅಯ್ಯೋ, ಅವತ್ತು ಗಾಳಿ ನಮ್ಮ ಕಡೆಗೇ ತಿರುಗಿ, ಒಗೆದು ಉಟ್ಟ ಬಟ್ಟೆ ಮೇಲೆಲ್ಲ ಮಸಿ! ನೋಡು, ಇವಳು ಭುಜ ಕೊಡವ್ಕೊಳ್ತಿದ್ದಾಳೆ. ಜಗಳಗಂಟಿ ಮೂಗು ಮುಚ್ಕೊಂಡಿದ್ದಾಳೆ. ಫೋಟೋದವನೂ ಕೆಮ್ಮಿ ಕೆಮ್ಮಿ ಸಾಕಾದ. ಎಲ್ಲರೂ ಸೇರಿ ನಿಮ್ಮಪ್ಪನಿಗೆ ಹಿಡಿ ಹಿಡಿ ಶಾಪ ಹಾಕಿದ್ವಿ, ಮಗಳೇ. ಇವತ್ತೊಂದು ದಿನ ಸುಮ್ನಿರೋಕಾಗಲ್ವಾ ಆ ಮನುಷ್ಯನಿಗೆ ಅಂತ.”

ಮುಂದಿನ ಸಾಲಿನಲ್ಲಿ ಒಬ್ಬಾಕೆಯ ಕೈ ನಿಜವಾಗಿಯೂ ಭುಜದ ಮೇಲಿದೆ. ಇನ್ನೊಬ್ಬಾಕೆಯ ಕೈ ಮೂಗಿನ ಮೇಲಿದೆ. ಹೊಗೆ ಬಾಗಿದ್ದೂ ಅವರ ಕಡೆಗೇ. ಅಪ್ಪನಿಗೆ ಬಿದ್ದ ಶಾಪ ಕೇಳಿ ಇಷ್ಟು ಸಂತೋಷಪಟ್ಟ ಮಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕ ಅಜ್ಜಿಯನ್ನು ತಬ್ಬಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಗಂಡ ಡಾಂಬರಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು. ಸ್ಟುಡಿಯೋದವನು ಎರಡೂ ಫೋಟೋ ಎತ್ತಿಕೊಂಡು ಹೋದ.

ಕೆಲವು ದಿನ ಕಳೆದು ನಾನು ಮತ್ತೆ ಹೋದಾಗ ಅವನೂ ಬಂದಿದ್ದಾನೆ. ಬಿರುಕು ಹೋಗಿದೆ, ಆಕಾಶದ ಬೂಷ್ಟು ಹೋಗಿದೆ, ಚಿಮಣಿಯ ಹೊಗೆ ಹಾಗೇ ಇದೆ. ಇನ್ನು ಗೋಡೆಗೆ ಹತ್ತಿಸುವುದಷ್ಟೇ ಬಾಕಿ. ಅದಕ್ಕೆ ಮೊದಲು ಕೆಳಗೆ ಹೆಸರು ಹಾಕಬೇಕು. ಕುಳಿತವರು ಎಡದಿಂದ, ನಿಂತವರು ಎಡದಿಂದ, ಅಜ್ಜಿ ಹೇಳಿದಂತೆ ಬರೆದುಕೊಂಡು ಬಂದಿದ್ದಾನೆ. “ಅಪ್ಪನ ಹೆಸರು ಎಲ್ಲಿ ಹಾಕ್ಲಿ ಅಕ್ಕ? ಕುಳಿತವರಲ್ಲೋ, ನಿಂತವರಲ್ಲೋ?” ಎಂದು ಕೇಳುತ್ತಾನೆ.

ಅಕ್ಕ ಒಣ ಬ್ರಷ್ಷು ಪಕ್ಕಕ್ಕಿಟ್ಟು ಹೆಸರಿನ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ.

“ಎರಡೂ ಬೇಡಪ್ಪ. ಕೆಳಗೆ ಇನ್ನೊಂದು ಸಾಲು ಹಾಕು, ಕೆಲಸದಲ್ಲಿದ್ದವರು ಅಂತ. ಅಪ್ಪನ ಜೊತೆ ಕಲ್ಲಿದ್ದಲು ಎತ್ತಿ ಕೊಡ್ತಿದ್ದ ಇಬ್ಬರು ಇದ್ರು, ಅವರ ಹೆಸರೂ ಇರ್ಲಿ. ಅಷ್ಟೊಂದು ಹೊಗೆ ಅಪ್ಪ ಒಬ್ರೇ ಬಿಡೋಕಾಗುತ್ತಾ?”