ಉಸ್ತಾ ಬಯೂಮಿ ಆರಿಸಿದ ಮಷಿನು

ನಮ್ಮ ಮಹಲ್ಲಾ ಊರಿನ ಗಲ್ಲಿಯಲ್ಲಿ ಬಟ್ಟೆ ಒಗೆಯುವ ಮಷಿನು ಕೊಳ್ಳುವವರು ಮೊದಲು ಅಂಗಡಿಗೆ ಹೋಗುವುದಿಲ್ಲ, ಬಯೂಮಿಯ ಹತ್ತಿರ ಹೋಗುತ್ತಾರೆ. ಮೂವತ್ತು ವರ್ಷದಿಂದ ಮಷಿನು ರಿಪೇರಿ ಮಾಡುತ್ತಿರುವ ಈ ಮನುಷ್ಯನನ್ನು ಚಿಕ್ಕವರು ದೊಡ್ಡವರು ಎಲ್ಲ ಉಸ್ತಾ, ಅಂದರೆ ಕಸುಬಿನ ಗುರು, ಎಂದೇ ಕರೆಯುವುದು. ನನ್ನ ಹೊಲಿಗೆ ಅಂಗಡಿ ಅವರ ಅಂಗಡಿಯ ಎದುರಿಗೇ ಇದೆ. ಹಾಗಾಗಿ ಅವರ ಕೆಮ್ಮು, ಕೋಪ, ಜಂಬ ಮೂರೂ ನನಗೆ ಬಾಯಿಪಾಠ.

ಅವರು ಮಷಿನು ಆರಿಸುವ ಚಂದವನ್ನು ನೋಡಬೇಕು. ಹೊಳೆಯುವ ಮುಂಭಾಗದ ಕಡೆ ತಿರುಗಿಯೂ ನೋಡುವುದಿಲ್ಲ. ನೇರ ಹಿಂದಕ್ಕೆ ಹೋಗಿ ಮಂಡಿಯೂರಿ ಸ್ಕ್ರೂ ಎಣಿಸುತ್ತಾರೆ. ಒಳಗಿನ ಡ್ರಮ್ಮಿಗೆ ಬೋಲ್ಟ್ ಹಾಕಿದ್ದಾರೋ ಅಂಟಿಸಿದ್ದಾರೋ ಎಂದು ಕೇಳುತ್ತಾರೆ. ಅಂಟಿಸಿದ್ದಾದರೆ ಬೇರಿಂಗ್ ಹೋದ ದಿನವೇ ಮಷಿನೂ ಹೋದಂತೆ. ಅವರ ಮನಸ್ಸಿಗೆ ಒಪ್ಪುವುದು ಒಂದೇ ಜೋಡಿ: ಒಂದು ಗುಂಡಿ ತಿರುಗಿಸಿದರೆ ಒಗೆಯುವ ಸಾದಾ ಮಷಿನು, ಪಕ್ಕದಲ್ಲಿ ಬಟ್ಟೆ ಹಿಂಡುವ ಬೇರೆಯೇ ಡ್ರೈಯರ್. ಯಾಕೆ ಬೇರೆ ಎಂದು ಒಮ್ಮೆ ಕೇಳಿದ್ದೆ. "ನೋಡು ಸಮೀಹಾ, ಎರಡನ್ನೂ ಒಂದೇ ಹೊಟ್ಟೇಲಿ ತುಂಬಿದ್ರೆ ಒಂದಕ್ಕೆ ಜ್ವರ ಬಂದಾಗ ಎರಡೂ ಮಲಗ್ತವೆ" ಎಂದಿದ್ದರು.

ತಪ್ಪು ಒಪ್ಪಿಕೊಳ್ಳುವುದು ಮಾತ್ರ ಅವರ ಜಾತಕದಲ್ಲೇ ಇಲ್ಲ. ಅವರು ಆರಿಸಿಕೊಟ್ಟ ಡ್ರೈಯರೊಂದು ಕುಣಿಯುತ್ತಾ ಬಾಗಿಲ ತನಕ ನಡೆದುಬಂದಾಗ, ಮಷಿನು ಸರಿಯಿದೆ, ನಿಮ್ಮ ಮನೆಯ ನೆಲವೇ ಸೊಟ್ಟ ಎಂದು ವಾದಿಸಿದರು. ಒಂದು ಕಾಲಿನ ಕೆಳಗೆ ರಟ್ಟು ಮಡಿಸಿಟ್ಟರು, ಡ್ರೈಯರ್ ತೆಪ್ಪಗೆ ನಿಂತಿತು. ಆಮೇಲೆ ಒಂದು ವಾರ ಅವರ ಜಂಬವನ್ನು ಗಲ್ಲಿಯವರೆಲ್ಲ ಹೊತ್ತುಕೊಂಡು ತಿರುಗಬೇಕಾಯಿತು.

ಇಂಥವರ ಮಗಳು ನಹ್ಲಾಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಹುಡುಗಿಯ ಮನೆಯ ಸಾಮಾನೆಲ್ಲ ತೆರೆದ ಲಾರಿಯಲ್ಲಿ, ಹಾರ್ನ್ ಹೊಡೆಯುತ್ತಾ, ಬೀದಿಬೀದಿ ಸುತ್ತಿ ಗಂಡಿನ ಮನೆ ಸೇರಬೇಕು. ಬಾಲ್ಕನಿಗಳಲ್ಲಿ ನಿಂತವರು ಚಮಚವನ್ನೂ ಬಿಡದೆ ನೋಡುತ್ತಾರೆ. ಗಂಡಿನ ತಾಯಿ, ಹಜ್ ಮಾಡಿಬಂದ ಹಾಜ್ಜಾ ಫಿರ್ದೌಸ್, ನಿಶ್ಚಿತಾರ್ಥದ ದಿನವೇ ಮೆತ್ತಗೆ ಹೇಳಿಬಿಟ್ಟಿದ್ದರು, ನಮ್ಮ ಹಿರಿಯ ಸೊಸೆ ಬರುವಾಗ ಪೂರ್ತಿ ಆಟೊಮ್ಯಾಟಿಕ್ ಮಷಿನು ತಂದಿದ್ದಳು ಎಂದು. ಆ ಮಾತು ಬಯೂಮಿಯ ಹೆಂಡತಿ ವದಾದ್ ಎದೆಯಲ್ಲಿ ನಾಟಿಕೊಂಡಿತು. ರಿಪೇರಿಯವನ ಮಗಳು ಗುಜರಿ ತಂದಳು ಎಂದು ಯಾರೂ ಜನ್ಮದಲ್ಲಿ ಅನ್ನಬಾರದು, ಅವಳಿಗೆ ಬೇಕಿದ್ದದ್ದು ಅಷ್ಟೇ.

ಆಗಲೇ ಒಂದು ಗುಟ್ಟು ಹೊರಬಿತ್ತು, ಅದರಲ್ಲಿ ನನ್ನ ಪಾಲೂ ಇತ್ತು. ಏಳು ವರ್ಷದ ಹಿಂದೆ, ನಹ್ಲಾಗೆ ಹದಿನಾಲ್ಕಾಗಿದ್ದಾಗ, ವದಾದ್ ತನ್ನ ಬಳೆ ಮಾರಿ ಒಂದು ಆಟೊಮ್ಯಾಟಿಕ್ ಮಷಿನು ತಂದು, ರಟ್ಟಿನ ಪೆಟ್ಟಿಗೆ ಬಿಚ್ಚದೆ ಕೋಣೆಯ ಮೂಲೆಯಲ್ಲಿಟ್ಟಿದ್ದಳು. ನೆಲ ಮುಟ್ಟುವ ಹಾಗೆ ನೆರಿಗೆಯ ಹೊದಿಕೆ ಹೊಲಿದುಕೊಟ್ಟವಳು ನಾನು. ಚಳಿಗಾಲದ ಹೊದಿಕೆಗಳ ಪೆಟ್ಟಿಗೆ ಎಂದು ಗಂಡನಿಗೆ ಹೇಳಿದ್ದಳು. ಜಗತ್ತಿನ ಮಷಿನುಗಳ ಹೊಟ್ಟೆಯೊಳಗಿನದೆಲ್ಲ ಬಲ್ಲ ಉಸ್ತಾ ಏಳು ವರ್ಷ ಅದರ ಮೇಲೇ ಮೊಣಕೈ ಊರಿ ಚಹಾ ಕುಡಿದಿದ್ದರು.

ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. ಮೊದಲು ಬೈದರು, ಆಮೇಲೆ ನಕ್ಕರು, ಕೊನೆಗೆ ಸ್ಕ್ರೂಡ್ರೈವರ್ ತಂದರು. ಇಷ್ಟು ವರ್ಷ ಕೂತಿದ್ದರೆ ರಬ್ಬರ್ ಒಣಗಿರುತ್ತೆ, ಒಂದು ಸಲ ಬಿಚ್ಚಿ ಓಡಿಸಿ ನೋಡೋಣ ಎಂದರು. ವದಾದ್ ಪೆಟ್ಟಿಗೆಗೆ ಅಡ್ಡ ನಿಂತಳು.

"ಬೇರೆಯವರು ಬಿಚ್ಚಿದ್ರೆ ಬಿಚ್ಚಿದ್ರು ಅಂತಾರೆ, ನಹ್ಲಾ ಅಪ್ಪ. ನೀವು ಬಿಚ್ಚಿದ್ರೆ, ಯಾರೋ ರಿಪೇರಿಗೆ ಕೊಟ್ಟಿದ್ದನ್ನ ಪೆಟ್ಟಿಗೇಲಿ ತುಂಬಿ ಕಳಿಸಿದ ಅಂತಾರೆ. ಅಂಗಡಿಯವರು ಬಿಗಿದ ಪಟ್ಟಿ ಹಾಗೇ ಇರಬೇಕು."

ಉಸ್ತಾ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ರಾಜಿಯಾದರು: ಪೆಟ್ಟಿಗೆ ಲಾರಿಯ ಮುಂದುಗಡೆ, ಅವರು ಆರಿಸಿದ ಸಾದಾ ಜೋಡಿ ಹಿಂದುಗಡೆ, ಹೊದಿಕೆಗಳ ಅಡಿಯಲ್ಲಿ. ತಾನು ಆರಿಸಿದ್ದು ಬಚ್ಚಿಟ್ಟುಕೊಂಡು ಹೋಗಬೇಕಾಯಿತಲ್ಲ ಎಂದು ಉಸ್ತಾ ದಾರಿಯುದ್ದಕ್ಕೂ ಗೊಣಗಿದರು. ಬಾಲ್ಕನಿಗಳ ಹೆಂಗಸರು ನಾಲಿಗೆ ಆಡಿಸಿ ಹರ್ಷದ ಕೂಗು ಹಾಕಿದಾಗ ವದಾದ್ ಮಾತ್ರ ತಲೆಯೆತ್ತಿ ಕೂತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಎಂದೂ ನೋಡಿರಲಿಲ್ಲ.

ಗಂಡಿನ ಮನೆಯಲ್ಲಿ, ಸಾದಾ ಜೋಡಿಯನ್ನು ಲಾರಿಯಲ್ಲೇ ಬಿಟ್ಟು, ಹೆಂಗಸರೆಲ್ಲ ಸೇರಿ ಉಳಿದ ಸಾಮಾನು ಬಿಚ್ಚಿ ಜೋಡಿಸಿದೆವು. ಹಾಜ್ಜಾ ಫಿರ್ದೌಸ್ ತಾವೇ ಕತ್ತರಿ ಹಿಡಿದು ಪೆಟ್ಟಿಗೆಯ ಪಟ್ಟಿ ಕತ್ತರಿಸಿದರು. ಒಳಗಿನ ಬಿಳಿ ಮೈ ಹೊಳೆಯಿತು. ಓಡಿಸಿ ನೋಡೋಣ ಎಂದು ಎರಡು ಹಾಸಿಗೆ ಬಟ್ಟೆ ಹಾಕಿದರು. ಉಸ್ತಾ ನಲ್ಲಿ ಜೋಡಿಸಿ ಹಿಂದೆ ಸರಿದರು.

ಮಷಿನು ನೀರು ಕುಡಿಯಿತು, ಗುಂಯ್ ಎಂದಿತು, ತಿರುಗಲಿಲ್ಲ. ಆಮೇಲೆ ಬಾಗಿಲ ರಬ್ಬರಿನ ಬಿರುಕುಗಳಿಂದ ನೀರು ಧಾರಾಳವಾಗಿ ಇಳಿದು ಹಾಜ್ಜಾರ ಹೊಸ ಕಾರ್ಪೆಟ್ಟಿಗೆ ನುಗ್ಗಿತು. ನಾವೆಲ್ಲ ಬಟ್ಟೆ ಎತ್ತಿಕೊಂಡು ಕೋಳಿಗಳ ಹಾಗೆ ಓಡಾಡಿದೆವು. ಉಸ್ತಾ ಪ್ಲಗ್ ಕಿತ್ತು, ಹಿಂಬದಿಯ ತಗಡು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರು. ಬೇರಿಂಗ್ ತುಕ್ಕು ಹಿಡಿದು ಕೂತಿತ್ತು, ಡ್ರಮ್ಮು ಅಂಟಿಸಿದ್ದು. ಅವರ ಮುಖ ಓದಲು ನನಗೆ ಬರುತ್ತದೆ.

ಹಾಜ್ಜಾ ಕಾರ್ಪೆಟ್ಟಿನ ತುದಿ ಹಿಂಡುತ್ತಾ ಕೇಳಿದರು, "ಊರಿಗೆಲ್ಲ ಮಷಿನು ಆರಿಸಿಕೊಡ್ತೀರಿ. ಮಗಳಿಗೆ ಇದನ್ನ ಆರಿಸಿದ್ದು ಯಾರು, ಉಸ್ತಾ?"

ಗೋಡೆಗೆ ಒರಗಿದ್ದ ವದಾದ್ ಮುಖದಲ್ಲಿ ರಕ್ತವೇ ಇರಲಿಲ್ಲ. ಉಸ್ತಾ ಅವಳ ಕಡೆ ನೋಡಲಿಲ್ಲ. ಕೈ ಒರೆಸಿಕೊಂಡು ಎದ್ದು ನಿಂತರು.

"ನಾನೇ, ಹಾಜ್ಜಾ. ಈ ಸಲ ನನ್ನ ಕಣ್ಣು ಮೋಸ ಹೋಯ್ತು."

ನಮ್ಮ ಗಲ್ಲಿಯಿಂದ ಬಂದಿದ್ದ ನಾವು ನಾಲ್ವರು ಮುಖಮುಖ ನೋಡಿಕೊಂಡೆವು. ನೆಲ ಸೊಟ್ಟ ಎಂದು ವಾದಿಸಿದ ಮನುಷ್ಯನೇ ಇವರು? ನಾಳೆ ಬೆಳಿಗ್ಗೆಯೊಳಗೆ ಇದು ಮಹಲ್ಲಾದ ಪ್ರತಿ ಅಂಗಡಿಯಲ್ಲೂ ಇರುತ್ತದೆ ಎಂದು ಅವರಿಗೂ ಗೊತ್ತಿತ್ತು. ಅವರ ಮಾತಿನಿಂದ ವ್ಯಾಪಾರ ಕಳೆದುಕೊಂಡ ಅಂಗಡಿಯವರು ಮಿಠಾಯಿ ಹಂಚುತ್ತಾರೆ.

ವದಾದ್ ಗೋಡೆ ಬಿಟ್ಟು ಮುಂದೆ ಬಂದಳು.

"ಸುಳ್ಳು ಹೇಳ್ತಿದ್ದಾರೆ. ಇದನ್ನ ತಂದೋಳು ನಾನು, ಏಳು ವರ್ಷ ಇವರಿಂದ ಬಚ್ಚಿಟ್ಟೋಳೂ ನಾನು. ಬಿಚ್ಚಿ ನೋಡ್ತೀನಿ ಅಂದ್ರು, ನಾನೇ ಬಿಡ್ಲಿಲ್ಲ. ನನ್ನನ್ನ ಏನು ಬೇಕಾದ್ರೂ ಅನ್ನಿ, ಹಾಜ್ಜಾ. ಇವರ ಕಣ್ಣು ಮೋಸ ಹೋಯ್ತು ಅಂತ ಮಾತ್ರ ಯಾರೂ ಅನ್ನಬೇಡಿ."

ನನಗೆ ಅಳು ಬಂತು, ಮುಚ್ಚಿಡುವುದೇನು. ನಹ್ಲಾ ಆಗಲೇ ಅಮ್ಮನ ತೋಳು ಹಿಡಿದು ನಿಂತಿದ್ದಳು.

ಹಾಜ್ಜಾ ಕೈಯಲ್ಲಿದ್ದ ಕಾರ್ಪೆಟ್ಟಿನ ತುದಿ ಕೆಳಗಿಟ್ಟರು. ಅವರ ಗಂಡ ತೀರಿಕೊಂಡು ಐದು ವರ್ಷವಾಗಿತ್ತು.

"ನನ್ನ ಮನೆಯವರು ಬದುಕಿದ್ದಾಗ, ನಾಲ್ಕು ಜನರ ಎದುರು ಅವರ ಪರವಾಗಿ ಇಂಥ ಒಂದು ಮಾತೂ ನಾನು ಆಡ್ಲಿಲ್ಲ" ಎಂದರು. ಆಮೇಲೆ ಅಂಗಿಯ ತೋಳು ಮಡಿಸಿ, ಒದ್ದೆ ಬಟ್ಟೆಯ ಒಂದು ತುದಿ ವದಾದ್ ಕೈಗೆ ಕೊಟ್ಟರು. "ಹಿಡಿ, ಹಿಂಡೋಣ. ಉಸ್ತಾ, ನಿಮ್ಮ ಕಣ್ಣು ಆರಿಸಿದ್ದು ಯಾವುದೋ ಅದನ್ನ ಒಳಗೆ ತನ್ನಿ."

ಸಾದಾ ಜೋಡಿ ಒಳಗೆ ಬಂತು. ಒಂದು ಗುಂಡಿ ತಿರುಗಿಸಿದರೆ ಆಗುವ ಕೆಲಸಕ್ಕೆ ಉಸ್ತಾ ಗೋಡೆಯ ಕಡೆ ಮುಖಮಾಡಿ ಕಾಲು ಗಂಟೆ ಬಗ್ಗಿಕೊಂಡೇ ಇದ್ದರು. ಕಣ್ಣೊರೆಸಿಕೊಳ್ಳಲಿ ಎಂದು ನಾವು ಯಾರೂ ಆ ಕಡೆ ಹೋಗಲಿಲ್ಲ.