ಯಜಮಾನರು ವಾಟರ್ ಪಂಪ್ ಬದಲಾಯಿಸಿದ್ದು

ನಮ್ಮ ಯಜಮಾನರಾದ ದೇವೀರಪ್ಪನವರಿಗೆ ಬಾರದ ವಿದ್ಯೆಯೇ ಇಲ್ಲ. ಬೇಕಾದರೆ ಕೇಳಿ ನೋಡಿ, ಅವರೇ ಹೇಳುತ್ತಾರೆ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಅವರದು. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಡಗಡ ಅಂದರೆ ಕೊಬ್ಬರಿ ಚೆನ್ನಾಗಿ ಆಗಿದೆ ಎಂದು ಲೆಕ್ಕ. ಅವರ ಕಿವಿ ಅದರಲ್ಲಿ ಯಾವತ್ತೂ ಮೋಸ ಹೋಗಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಆದರೆ ಅದೇ ಕಿವಿಯನ್ನು ತಂದು ಕಾರಿನ ಇಂಜಿನ್ನಿಗೂ ಇಟ್ಟರಲ್ಲ, ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಕಾರು ಅವರದಲ್ಲ, ನನ್ನದು. ಬಿಳಿ ಫಿಯಟ್. ಕಣಕಟ್ಟೆಯ ನಮ್ಮಪ್ಪ ನನ್ನ ಮದುವೆಯಲ್ಲಿ, "ಇದು ನಮ್ ಶಿವಗಂಗಿಗೆ" ಎಂದು ಎಲ್ಲರೆದುರಿಗೆ ಹೇಳಿ ಕೊಟ್ಟದ್ದು. ಅದಕ್ಕೂ ಮೊದಲೇ ತೋಟದ ಕಣದಲ್ಲಿ ನನಗೆ ಅದನ್ನು ಓಡಿಸಲು ಕಲಿಸಿ, ಲೈಸೆನ್ಸನ್ನೂ ಮಾಡಿಸಿದ್ದರು. ಆ ಲೈಸೆನ್ಸನ್ನು ನಾನು ತಪ್ಪದೆ ರಿನ್ಯೂ ಮಾಡಿಸುತ್ತ ಬಂದಿದ್ದೇನೆ. ಓಡಿಸಿದ್ದು ಮಾತ್ರ ಮದುವೆಯಾದ ಮೇಲೆ ಒಂದು ಸಲವೂ ಇಲ್ಲ. ಬೀಗದ ಕೈ ಹಗಲು ಯಜಮಾನರ ಜೇಬಿನಲ್ಲಿ, ರಾತ್ರಿ ಅವರ ದಿಂಬಿನ ಕೆಳಗೆ. ನಾನು ಎಡಗಡೆ ಸೀಟಿನಲ್ಲಿ, ಮಡಿಲಲ್ಲಿ ನೀರಿನ ಬಾಟಲಿ. ಇಂಜಿನ್ ಬಿಸಿಯಾದರೆ ಅದಕ್ಕೆ, ಇವರ ಗಂಟಲು ಒಣಗಿದರೆ ಇವರಿಗೆ.

"ಬಾಟ್ಲಿ ನೆಟ್ಟಗೆ ಹಿಡ್ಕೊಳೇ, ಸೀಟು ಒದ್ದೆ ಆಗ್ತದೆ." ಮೂವತ್ತು ವರ್ಷದಿಂದ ಗುಂಡಿ ಬಂದಾಗಲೆಲ್ಲ ಇದೊಂದೇ ಮಾತು.

ಹೋದ ವರ್ಷ ಇಂಜಿನ್ನಿನ ಮುಂದುಗಡೆಯಿಂದ ಗರಗರ ಸದ್ದು ಬರತೊಡಗಿತು. ಅಂಥ ಸದ್ದು ಬಂದಾಗ ನಮ್ಮಪ್ಪ ಏನು ಮಾಡುತ್ತಿದ್ದರೆಂದು ನಾನು ಕಣ್ಣಾರೆ ನೋಡಿದ್ದೆ. "ಫ್ಯಾನ್ ಹಿಡಿದು ಅಲ್ಲಾಡಿಸಿ ನೋಡ್ರೀ, ವಾಟರ್ ಪಂಪು ಸವೆದಿರಬೇಕು" ಅಂದೆ.

"ನಿಂಗೇನೇ ಗೊತ್ತು? ಇದು ಡೈನಮೋ ಸದ್ದು" ಎಂದು ಬಾನೆಟ್ಟಿನೊಳಗೆ ಕಿವಿ ಇಟ್ಟುಕೊಂಡೇ ಹೇಳಿದರು. ಡೈನಮೋ ಬದಲಾಯಿತು, ಸದ್ದು ಹಾಗೇ ಉಳಿಯಿತು. ಆಮೇಲೆ ಕಾರಿನ ಕೆಳಗೆ ನೀರು ಮಡುಗಟ್ಟಿತು. ಅಲ್ಲಾಡುವ ಕೊಬ್ಬರಿ ಒಳ್ಳೆಯದು, ಅಲ್ಲಾಡುವ ಪಂಪು ಒಳ್ಳೆಯದಲ್ಲ ಎಂಬುದು ಈ ಮಹಾನುಭಾವರ ತಲೆಗೆ ಹೋಗಬೇಕಾದರೆ ಅಂಗಳವೆಲ್ಲ ಕೆಸರಾಗಬೇಕಾಯಿತು.

ಆದರೂ ಮೆಕ್ಯಾನಿಕ್ಕನ್ನು ಕರೆಸುವುದಿಲ್ಲವಂತೆ. "ನಾನೇ ಹಾಕ್ತೀನಿ. ಅದೇನ್ ದೊಡ್ಡ ಬ್ರಹ್ಮವಿದ್ಯೆನಾ?"

ನನಗೂ ರೇಗಿತು. ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಅಕ್ಷತಾಳನ್ನು ಸಾಕ್ಷಿಗೆಂದು ಕರೆದು ನಿಲ್ಲಿಸಿಕೊಂಡೆ. "ನೀವೇ ಹಾಕಿ. ಹಾಕಿದ ಮೇಲೆ ಹಳೇಬೀಡಿಗೆ, ನನ್ನ ತಮ್ಮ ಬಸವಕುಮಾರನ ಮನೆಗೆ ಹೋಗೋಣ. ಎಲ್ಲೂ ಕೆಟ್ಟು ನಿಲ್ಲದೆ ಹೋದ್ರೆ ನನ್ನ ಲೈಸೆನ್ಸು ಹರಿದು ಒಲೆಗೆ ಹಾಕ್ತೀನಿ. ದಾರೀಲಿ ನಿಂತ್ರೆ ಬೀಗದ ಕೈ ನಂದು."

"ಆಗ್ಲಿ ಕಣೇ. ಒಲೆ ಹಚ್ಚಿಟ್ಟಿರು" ಎಂದು ನಕ್ಕರು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತರು. ರೇಡಿಯೇಟರ್ ನೀರು ಬಸಿದರು, ಬೆಲ್ಟು ಸಡಿಲಿಸಿದರು, ಫ್ಯಾನು ಕಳಚಿದರು, ಹಳೆಯ ಪಂಪನ್ನು ಕಿತ್ತರು. ಪಂಪು ಇದ್ದ ಜಾಗದಲ್ಲಿ, ನೀರು ಇಂಜಿನ್ನಿನೊಳಗೆ ಹೋಗುವ ತೂತು ಬಾಯಿ ತೆರೆದುಕೊಂಡಿತು. ಧೂಳು ಬೀಳದಿರಲೆಂದು ಅದಕ್ಕೊಂದು ಮುಷ್ಟಿ ತೆಂಗಿನ ನಾರು ತುರುಕಿದರು. ಇವರಿಗೆ ಪಾತ್ರೆ ಉಜ್ಜುವುದರಿಂದ ಹಿಡಿದು ಗಾಡಿ ರಿಪೇರಿಯವರೆಗೆ ಎಲ್ಲದಕ್ಕೂ ನಾರೇ. ನಾನು ಕಾಫಿ ತರುವಷ್ಟರಲ್ಲಿ ಹೊಸ ಪಂಪು ಕೂತು, ಬೋಲ್ಟೂ ಬಿಗಿದಾಗಿತ್ತು.

"ಆ ನಾರು ತೆಗೆದ್ರಾ?"

"ನಂಗೆ ಹೇಳ್ಕೊಡೋಕೆ ಬರಬೇಡ, ಲೋಟ ಇಟ್ಟು ಹೋಗು."

ಇಟ್ಟು ಹೋದೆ. ಇಂಜಿನ್ ಒಂದು ಗಳಿಗೆ ಓಡಿಸಿ ನೋಡಿದರು. ಸದ್ದೂ ಇಲ್ಲ, ಸೋರುವುದೂ ಇಲ್ಲ. ಬಾನೆಟ್ಟಿಗೆ ವಿಭೂತಿ ಬಳಿದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟರು. ಹಿಂದಿನ ಸೀಟಿನಲ್ಲಿ ಅಕ್ಷತಾ. ನನಗೆ ನಿಜವಾಗಿ ಭಯವಾಯಿತು. ಎಲ್ಲಿ ಸರಿಯಾಗಿಯೇ ಮಾಡಿಬಿಟ್ಟರೋ ಎಂದು! ಬಾಣಾವರ ದಾಟುವವರೆಗೂ ಪರ್ಸಿನೊಳಗಿನ ಲೈಸೆನ್ಸನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇವರು ಮಾತ್ರ ಸೀಟಿ ಹೊಡೆಯುತ್ತಿದ್ದರು.

ಜಾವಗಲ್ ದಾಟಿದ್ದೇ ತಡ, ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಸೀಟಿ ನಿಂತಿತು, ಕಾರೂ ನಿಂತಿತು.

ಇಳಿದವರೇ ಪಂಪನ್ನು ಬೈದರು, ಬಿಸಿಲನ್ನು ಬೈದರು, ರಸ್ತೆಯನ್ನು ಬೈದರು. ಇಂಜಿನ್ ಆರುವವರೆಗೆ ಮರದ ಕೆಳಗೆ ಕೂತಿದ್ದು, ಆಮೇಲೆ ಪಂಪು ಬಿಚ್ಚಿ ಬೆರಳು ಹಾಕಿ ಎಳೆದರು. ನೀರು ಕುಡಿದು ಉಬ್ಬಿ ದಾರಿ ಮುಚ್ಚಿದ್ದ ನಾರಿನ ಉಂಡೆ ಕೈಗೆ ಬಂತು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಾಚಿಕೆಯಿಲ್ಲದೆ ಹೇಳಿದರು:

"ಪಂಪು ಮಾಡಿದೋರೇ ಇಟ್ಟಿರ್ತಾರೆ ಕಣೇ, ಧೂಳು ಹೋಗ್ದಿರಂಗೆ."

"ಹೌದ್ರೀ, ಪಾಪ! ಅದಕ್ಕೆ ಅಂತ ನಮ್ಮ ಹಿತ್ತಿಲಿಗೆ ಬಂದು ನಾರು ಎತ್ಕೊಂಡು ಹೋಗಿದ್ರು" ಅಂದೆ.

ಅಕ್ಷತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದ ತೋಟದ ಬೋರ್‌ವೆಲ್ಲಿನಿಂದ ಕ್ಯಾನಿನಲ್ಲಿ ನೀರು ತಂದಳು. ಇವರು ಪಂಪನ್ನು ಮತ್ತೆ ಕೂರಿಸಿದರು, ಈ ಸಲ ನಾರಿಲ್ಲದೆ. ಕೈ ಒರೆಸಿಕೊಂಡು ಸುಮ್ಮನೆ ಬಲಗಡೆ ಬಾಗಿಲಿಗೆ ಕೈ ಹಾಕಿದರು, ಏನೂ ಆಗಿಲ್ಲವೆಂಬ ಹಾಗೆ.

"ಅಪ್ಪಾ, ಬೀಗದ ಕೈ" ಅಂದಳು ಮಗಳು.

ಕೊಟ್ಟರು. ನನ್ನ ಮುಖ ನೋಡದೆ ಕೊಟ್ಟರು.

ನಾನು ಸ್ಟೇರಿಂಗ್ ಮುಂದೆ ಕೂತೆ. ಸುಳ್ಳು ಹೇಳುವುದಿಲ್ಲ, ಅಪ್ಪ ನೆನಪಾಗಿ ಕಣ್ಣು ತುಂಬಿತು. ಕ್ಲಚ್ ಒತ್ತಿ, ಸ್ಟೇರಿಂಗ್ ಪಕ್ಕದ ಗೇರು ಹಾಕಿ, ಮೆಲ್ಲಗೆ ಬಿಟ್ಟೆ. ಕಾರು ಒಂದು ಸಲ ಜಗ್ಗಿ ಹೊರಟಿತು. ನಮ್ಮಪ್ಪ ಕಲಿಸಿದ್ದು ಮೂವತ್ತು ವರ್ಷವಾದರೂ ಕೈಬಿಟ್ಟಿರಲಿಲ್ಲ.

ಎಡಗಡೆ ಸೀಟಿನಲ್ಲಿ ಯಜಮಾನರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. "ನಿಧಾನ ಕಣೇ, ಮುಂದೆ ಗುಂಡಿ ಐತೆ!"

ಬಾಟಲಿ ಎತ್ತಿ ಅವರ ಮಡಿಲಲ್ಲಿಟ್ಟೆ. "ನೆಟ್ಟಗೆ ಹಿಡ್ಕೊಳ್ಳಿ. ಸೀಟು ಒದ್ದೆ ಆಗ್ತದೆ."

ಹಳೇಬೀಡು ಬರುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.